ಕೂಸಿನ ಪ್ರಶ್ನೆ

ಚಿಕ್ಕೋಡಿ ತಾಲೂಕಿನ ಕರೋಶಿ ಗ್ರಾಮದವರಿಗೆ ಕೊಲ್ಲಾಪುರವು ಪರಸ್ಥಳವೆಂದು ಅನ್ನಿಸುವದಿಲ್ಲ. ರಾಜ್ಯದ ಗಡಿಯು ನಿಪ್ಪಾಣಿಯ ಆಚೆಗೆ ಹಾದುಹೋಗಿದ್ದರೂ ಮದುವೆಯ ಜವಳಿಗೆ, ದೊಡ್ಡ ದವಾಖಾನೆಗೆ, ಅಂಬಾಬಾಯಿಯ ದರ್ಶನಕ್ಕೆ ಈ ಸೀಮೆಯ ಜನರು ಅತ್ತ ಕಡೆಗೇ ಹೋಗುವದು ಬಹುಕಾಲದ ರೂಢಿ. ಹೀಗೆ ಹೊರಟ ಸೊಸೆಗೆ ಅತ್ತೆಯಾದವಳು ಬಾಗಿಲಲ್ಲಿ ನಿಂತು ಹೇಳುವ ಮಾತೊಂದುಂಟು: "ಗದ್ದಲದಾಗ ಕೂಸಿನ ಕೈ ಬಿಡಬ್ಯಾಡವಾ." ಮಾತು ಹಳೆಯದು. ಆದರೆ ೧೯೯೬ನೆಯ ಇಸವಿಯ ತರುವಾಯ ಆ ಮಾತಿಗೆ ಮೊದಲಿಲ್ಲದ ಭಾರವೊಂದು ಬಂದಿತು. ಅಂದಿನಿಂದ ಅದು ಬರಿಯ ಎಚ್ಚರಿಕೆಯಾಗಿ ಉಳಿಯಲಿಲ್ಲ. ಕಂಡ ಭೀತಿಯ ನೆನಪಾಯಿತು.

೨೦೨೨ನೆಯ ಜನೇವರಿ ತಿಂಗಳಲ್ಲಿ ಆ ಊರಿನ ಒಂದು ಮನೆಯ ಪಡಸಾಲೆಯಲ್ಲಿ ಯಜಮಾನನು ವರ್ತಮಾನಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದನು. ಅವನ ತಾಯಿಯು ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು. ಮಕ್ಕಳನ್ನು ಕದ್ದು ಕೊಂದ ಕೊಲ್ಲಾಪುರದ ಅಕ್ಕತಂಗಿಯರ ಮರಣದಂಡನೆಯನ್ನು ಮುಂಬಯಿ ಉಚ್ಚ ನ್ಯಾಯಾಲಯವು ಜೀವಾವಧಿ ಶಿಕ್ಷೆಗೆ ಇಳಿಸಿದ ಸುದ್ದಿ ಅದು. ಹತ್ತು ವರ್ಷದ ಮೊಮ್ಮಗನು ಲೆಕ್ಕದ ಪುಸ್ತಕವನ್ನು ಮಡಚಿಟ್ಟು ಕೇಳಿದನು: "ಆಯಿ, ಅವರು ಕೂಸುಗಳನ್ನ ಯಾಕ ಕೊಂದ್ರು?" ಮುದುಕಿಯು ಉತ್ತರ ಕೊಡಲಿಲ್ಲ. ತಂದೆಯು, "ಅವರು ರಾಕ್ಷಸರಪ್ಪಾ, ಮನುಷ್ಯರಲ್ಲ" ಎಂದು ಹೇಳಿ ಹಾಳೆ ತಿರುವಿದನು. ಹುಡುಗನು ಬಾಗಿ ಆ ಹಾಳೆಯನ್ನು ಮತ್ತೆ ಹಿಂದಕ್ಕೆ ತಿರುವಿ, ಚಿತ್ರವನ್ನು ನೋಡಿ, "ಇವರು ನಮ್ಮ ಓಣಿಯವರ ಹಂಗ ಅದಾರಲ್ಲ?" ಎಂದನು.

ಈ ಎರಡನೆಯ ಮಾತಿನಲ್ಲಿಯೇ ವಿಷಯದ ತಿರುಳೆಲ್ಲ ಇದೆ. ರಾಕ್ಷಸರೆಂದು ಹೆಸರಿಟ್ಟ ಕ್ಷಣದಲ್ಲಿ ವಿಚಾರವು ನಿಂತುಹೋಗುತ್ತದೆ. ರಾಕ್ಷಸನು ಕೊಲ್ಲುವದು ಬೆಂಕಿ ಸುಡುವಂತೆ ಸಹಜ. ಅಲ್ಲಿ ಕಾರಣ ಕೇಳುವ ಅಗತ್ಯವೇ ಇಲ್ಲ. ಆದರೆ ಓಣಿಯವರಂತೆಯೇ ಸೀರೆಯುಟ್ಟು, ಓಣಿಯವರಂತೆಯೇ ಬಸ್ಸಿಗಾಗಿ ಕಾಯ್ದು ಕುಳಿತುಕೊಳ್ಳುವ ಮನುಷ್ಯರು ಒಂದಾದ ಮೇಲೊಂದು ಜೀವವನ್ನು ತೆಗೆಯುವದು ಹೇಗೆ ಸಾಧ್ಯವಾಯಿತೆಂಬ ಪ್ರಶ್ನೆಗೆ ಆ ಹೆಸರು ಉತ್ತರವಾಗಲಾರದು.

ಮೊದಲು ಆದದ್ದೇನೆಂಬದನ್ನು ನೋಡಬೇಕು. ಅಂಜನಾಬಾಯಿ ಗಾವಿತ ಎಂಬವಳು, ಅವಳ ಹೆಣ್ಣುಮಕ್ಕಳಾದ ರೇಣುಕಾ ಶಿಂದೆ ಹಾಗೂ ಸೀಮಾ ಗಾವಿತ, ರೇಣುಕೆಯ ಗಂಡನಾದ ಕಿರಣ ಶಿಂದೆ ಇವರ ಉದ್ಯೋಗವು ಜಾತ್ರೆ, ಗುಡಿ, ಬಸ್ಸುನಿಲ್ದಾಣಗಳ ಜನಜಂಗುಳಿಯಲ್ಲಿ ಕಿಸೆ ಹಾಗೂ ಕೊರಳಸರಗಳನ್ನು ಕದಿಯುವದಾಗಿತ್ತು. ಒಮ್ಮೆ ರೇಣುಕೆಯು ಕಳವು ಮಾಡುವಾಗ ಸಿಕ್ಕಿಬಿದ್ದಳು. ಕಂಕುಳಲ್ಲಿ ಸ್ವಂತ ಕೂಸಿತ್ತು. ಎಳೆಗೂಸಿನ ತಾಯಿ ಕಳವು ಮಾಡಿಯಾಳೇ ಎಂದು ಅವಳು ಗೋಳಾಡಲು ಜನರು ನಂಬಿ ಬಿಟ್ಟುಬಿಟ್ಟರು. ಕೂಸೆಂಬದು ಕಳ್ಳರಿಗೆ ಕವಚವಾಗಬಲ್ಲದೆಂಬ ಪಾಠವನ್ನು ಆ ಮನೆಯವರು ಕಲಿತದ್ದು ಅಂದು. ಆದರೆ ಸ್ವಂತ ಕೂಸನ್ನು ಅಪಾಯಕ್ಕೆ ಒಡ್ಡುವದೇಕೆ? ಪರರ ಕೂಸುಗಳಿದ್ದವಲ್ಲ!

೧೯೯೦ರಿಂದ ೧೯೯೬ರವರೆಗೆ ೧೩ ಮಕ್ಕಳನ್ನು ಅಪಹರಿಸಿದ ಆರೋಪವು ಅವರ ಮೇಲೆ ಬಂದಿತು. ಕೊಲ್ಲಾಪುರದಲ್ಲಿ ಒಬ್ಬ ಭಿಕ್ಷುಕಿಯ ಮಗುವನ್ನು ಮೊದಲು ಒಯ್ದರು. ಮಹಾಲಕ್ಷ್ಮಿಯ ಗುಡಿಯ ಹತ್ತಿರ ಸೀಮೆಯು ಸಿಕ್ಕಿಬಿದ್ದಾಗ ಅಂಜನಾಬಾಯಿಯು ಆ ಕೂಸನ್ನು ನೆಲಕ್ಕೆ ಅಪ್ಪಳಿಸಿದಳು. ರಕ್ತ ಕಂಡ ಜನರು ಕಳ್ಳಿಯನ್ನು ಮರೆತು ಕೂಸಿನ ಕಡೆಗೆ ಓಡಿದರು. ಕೆಲಸವಾಯಿತು. ಮುಂದೆ ಆ ಗಾಯಗೊಂಡ ಕೂಸು ಅಳುವದನ್ನು ನಿಲ್ಲಿಸದೆ ಹೋದಾಗ ಅದು ಕವಚವಾಗುವದು ಮುಗಿದು ತೊಡಕಾಗುವದು ಆರಂಭವಾಯಿತು, ಅದನ್ನು ಕೊಂದರು. ಅಂಜನಾಬಾಯಿಯ ಮಾಜಿ ಗಂಡನು ಮತ್ತೊಬ್ಬಳನ್ನು ಮದುವೆಯಾಗಿ ಪಡೆದ ಮಗಳೂ ಇವರ ಕೈಯಿಂದ ಸತ್ತಳು. ಎರಡನೆಯ ಮಗಳ ಮೇಲೆ ಕಣ್ಣಿಟ್ಟಾಗ ಪೊಲೀಸರ ಕೈಗೆ ಸಿಕ್ಕರು. ಅಂಜನಾಬಾಯಿಯು ವಿಚಾರಣೆ ಮುಗಿಯುವ ಮೊದಲೇ ಸೆರೆಯಲ್ಲಿ ಸತ್ತಳು. ಅಳಿಯನು ಮಾಫಿಯ ಸಾಕ್ಷಿಯಾದನು. ಅಕ್ಕತಂಗಿಯರಿಗೆ ಕೊಲ್ಲಾಪುರದ ಸತ್ರ ನ್ಯಾಯಾಲಯವು ೨೦೦೧ರಲ್ಲಿ ಮರಣದಂಡನೆ ವಿಧಿಸಿತು. ೨೦೦೪ರಲ್ಲಿ ಉಚ್ಚ ನ್ಯಾಯಾಲಯವೂ ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದವು. ೨೦೧೪ರಲ್ಲಿ ರಾಷ್ಟ್ರಪತಿಗಳು ದಯಾಭಿಕ್ಷೆಯನ್ನು ತಿರಸ್ಕರಿಸಿದರು. ಕೊನೆಗೆ, ದಯಾಭಿಕ್ಷೆಯ ವಿಚಾರದಲ್ಲಿ ಅಧಿಕಾರಿಗಳು ಮಾಡಿದ ಅಕ್ಷಮ್ಯ ವಿಳಂಬದ ಕಾರಣದಿಂದ ೨೦೨೨ರಲ್ಲಿ ಶಿಕ್ಷೆಯು ಜೀವಾವಧಿಗೆ ಇಳಿಯಿತು.

ಈ ವೃತ್ತಾಂತದಲ್ಲಿ ಗಮನಿಸತಕ್ಕದ್ದೊಂದುಂಟು. ಇವರು ಕೊಲ್ಲಬೇಕೆಂದು ಮನೆ ಬಿಟ್ಟು ಹೊರಟವರಲ್ಲ. ಕಳವಿನಿಂದ ಸುಳ್ಳಿಗೆ, ಸುಳ್ಳಿನಿಂದ ಅಪಹರಣಕ್ಕೆ, ಅಪಹರಣದಿಂದ ಕೊಲೆಗೆ ಮೆಟ್ಟಿಲಮೇಲೆ ಮೆಟ್ಟಿಲು ಇಳಿದುಹೋದರು. ಪ್ರತಿಯೊಂದು ಮೆಟ್ಟಿಲೂ ಹಿಂದಿನದಕ್ಕಿಂತ ಗೇಣಷ್ಟೇ ಕೆಳಗೆ. ಎರಡನೆಯದಾಗಿ, ಇಲ್ಲಿ ಎರಡು ಪ್ರೇರಣೆಗಳು ಒಂದೇ ಮನೆಯಲ್ಲಿ ಕೂಡಿ ವಾಸಿಸಿದವು. ಬೀದಿಯ ಕೂಸುಗಳ ವಿಷಯದಲ್ಲಿ ಲೋಭ. ಸವತಿಯ ಮಗಳ ವಿಷಯದಲ್ಲಿ ದ್ವೇಷ. ಒಂದಕ್ಕೆ ಪಳಗಿದ ಕೈ ಇನ್ನೊಂದಕ್ಕೂ ಒದಗಿತು. ಮೂರನೆಯದಾಗಿ, ಆ ಕೂಸುಗಳಲ್ಲಿ ಮೊದಲನೆಯದು ಭಿಕ್ಷುಕಿಯದು. ಯಾರ ಅಳಲನ್ನು ಯಾರೂ ಕೇಳುವದಿಲ್ಲವೋ ಅಂಥವರ ಮನೆಯಿಂದ ಕದ್ದರು.

ಪುರಾಣಗಳಲ್ಲಿ ಹುಡುಕಿದರೆ ಇಂಥ ಸರಣಿ ಹಂತಕರ ಕಥೆಯು ಕನ್ನಡ ನಾಡಿನ ಮಣ್ಣಿಗೇ ಅಂಟಿಕೊಂಡು ಬಂದದ್ದಿದೆ. ಬಾದಾಮಿಗೆ ವಾತಾಪಿಯೆಂಬ ಹೆಸರು ಬರಲು ಕಾರಣನಾದನೆಂದು ಜನರು ನಂಬುವ ಅಸುರನೂ ಅವನ ಅಣ್ಣನಾದ ಇಲ್ವಲನೂ ಅತಿಥಿಗಳನ್ನು ಕರೆದು, ವಾತಾಪಿಯನ್ನೇ ಮೇಷವನ್ನಾಗಿ ಮಾಡಿ ಬಡಿಸಿ, ಉಂಡ ಮೇಲೆ ಹೆಸರು ಹಿಡಿದು ಕೂಗಿ ಹೊಟ್ಟೆ ಸೀಳಿಸಿ ಕೊಲ್ಲುತ್ತಿದ್ದರು. ಅಗಸ್ತ್ಯರು ಮಾತ್ರ ಉಂಡು ಜೀರ್ಣಿಸಿಕೊಂಡರು. ಈ ಕಥೆಯನ್ನು ಮಕ್ಕಳಿಗೆ ಹೇಳುವವರು ಅಸುರರೆಂದು ಹೇಳಿ ಮುಂದಕ್ಕೆ ಸಾಗುತ್ತಾರೆ. ಆದರೆ ಮಹಾಭಾರತದ ಕಥೆಯು ಹಾಗೆ ಬಿಡುವದಿಲ್ಲ. ಅಸುರನಿಗೂ ಒಂದು ಕಾರಣವನ್ನು ಕೊಡುತ್ತದೆ. ಇಂದ್ರಸಮಾನನಾದ ಮಗನನ್ನು ಕೊಡೆಂದು ಇಲ್ವಲನು ಒಬ್ಬ ಬ್ರಾಹ್ಮಣನನ್ನು ಬೇಡಿದನು, ಅವನು ಕೊಡಲಿಲ್ಲ. ಒಬ್ಬನ ಮೇಲಿನ ಸಿಟ್ಟು ಅವನ ಕುಲದವರೆಲ್ಲರ ಮೇಲೆ ತಿರುಗಿತು. ಅಂದಮೇಲೆ ಒಬ್ಬ ವ್ಯಕ್ತಿಯಿಂದ ಆದ ಅವಮಾನವನ್ನು ಒಂದು ಜಾತಿಯ, ಒಂದು ವರ್ಗದ ಅಪರಿಚಿತರ ಮೇಲೆ ತೀರಿಸಿಕೊಳ್ಳುವ ಮನೋಧರ್ಮವನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ಆತಿಥ್ಯವೆಂಬ ಅತ್ಯಂತ ಪವಿತ್ರವಾದ ನಂಬಿಕೆಯೇ ಅವರ ಕಥೆಯಲ್ಲಿ ಬಲೆಯಾಗಿರುವದೂ ಅರ್ಥಗರ್ಭಿತವಾದದ್ದು.

ಈ ನಂಬಿಕೆಯ ಬಲೆಯನ್ನು ಇತ್ತೀಚಿನ ಕಾಲದಲ್ಲಿ ಬೀಸಿದವರಲ್ಲಿ ಒಬ್ಬನು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದನೆಂಬದು ಆ ವೃತ್ತಿಯವರು ತಲೆ ತಗ್ಗಿಸಬೇಕಾದ ಸಂಗತಿ. ಸಾಯನೈಡ್ ಮೋಹನನೆಂದು ಕುಪ್ರಸಿದ್ಧನಾದ ಮೋಹನ ಕುಮಾರನು ೨೦೦೯ರಲ್ಲಿ ಸೆರೆ ಸಿಕ್ಕನು. ಇಪ್ಪತ್ತು ಮಂದಿ ತರುಣಿಯರ ಕೊಲೆಯ ಮೊಕದ್ದಮೆಗಳು ಅವನ ಮೇಲೆ ನಡೆದವು. ವರದಕ್ಷಿಣೆ ಕೊಡಲಾರದ ಬಡ ಮನೆಗಳ, ಮದುವೆಯ ವಯಸ್ಸು ಮೀರುತ್ತಿದ್ದ ಹೆಣ್ಣುಮಕ್ಕಳನ್ನು ಅವನು ಪರಿಚಯ ಮಾಡಿಕೊಳ್ಳುತ್ತಿದ್ದನು. ವರದಕ್ಷಿಣೆಯಿಲ್ಲದೆ ವರಿಸುವೆನೆಂದು ನಂಬಿಸಿ, ಇದ್ದಬದ್ದ ಒಡವೆಗಳೊಡನೆ ಪರವೂರಿಗೆ ಕರೆದೊಯ್ದು, ಒಂದು ರಾತ್ರಿ ಅಲ್ಲಿ ತಂಗುತ್ತಿದ್ದನು. ಬೆಳಗಾದ ಮೇಲೆ ಒಡವೆಗಳನ್ನು ಕೋಣೆಯಲ್ಲಿ ಬಿಡಿಸಿ, ಬಸ್ಸುನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಂತೆ ಎಂದು ಹೇಳಿ ವಿಷದ ಗುಳಿಗೆಯೊಂದನ್ನು ಕೊಡುತ್ತಿದ್ದನು. ಶೌಚಾಲಯದೊಳಗೆ ಹೋಗಿ ನುಂಗಿದವಳು ಹೊರಗೆ ಬರುತ್ತಿರಲಿಲ್ಲ. ಅವನು ಕೋಣೆಗೆ ಮರಳಿ ಬಂಗಾರವನ್ನು ತೆಗೆದುಕೊಂಡು ಹೋಗುತ್ತಿದ್ದನು. ೨೦೧೩ರ ದಶಂಬರದಲ್ಲಿ ಮಂಗಳೂರಿನ ನ್ಯಾಯಾಲಯವು ಅವನಿಗೆ ಮರಣದಂಡನೆ ವಿಧಿಸಿತು. ತರುವಾಯ ಒಂದು ಮೊಕದ್ದಮೆಯಲ್ಲಿ ಉಚ್ಚ ನ್ಯಾಯಾಲಯವು ೨೦೧೭ರಲ್ಲಿ ಅದನ್ನು ಆಮರಣ ಸೆರೆವಾಸಕ್ಕೆ ಇಳಿಸಿತು. ನ್ಯಾಯಾಲಯದಲ್ಲಿ ತನ್ನ ವಕಾಲತ್ತನ್ನು ತಾನೇ ನಡಿಸುವಷ್ಟು ಅವನ ಬುದ್ಧಿಯು ಸ್ವಸ್ಥವಾಗಿತ್ತು.

ಇವನ ಪ್ರೇರಣೆಯು ಬರಿಯ ಬಂಗಾರವೇ? ಬಂಗಾರಕ್ಕಾಗಿ ಕಳವು ಸಾಕಾಗಿತ್ತು. ಹೆಣ್ಣೊಬ್ಬಳು ತನ್ನ ಬಾಳನ್ನೇ ನಂಬಿ ಒಪ್ಪಿಸುವದನ್ನು ಮತ್ತೆ ಮತ್ತೆ ಕಾಣುವದರಲ್ಲಿ, ಆ ನಂಬಿಕೆಯ ಮೇಲೆ ಸಂಪೂರ್ಣ ಅಧಿಕಾರ ನಡಿಸುವದರಲ್ಲಿ ಒಂದು ಮದವಿದೆ. ಲೋಭಕ್ಕೆ ತೃಪ್ತಿಯಿದ್ದರೂ ಇದ್ದೀತು, ಮದಕ್ಕೆ ತೃಪ್ತಿಯಿಲ್ಲ. ಆದರೆ ಇಷ್ಟಕ್ಕೇ ವಿಚಾರವನ್ನು ಮುಗಿಸಿದರೆ ಅರ್ಧ ಸತ್ಯವನ್ನು ಬಿಟ್ಟಂತಾಗುವದು. ಹೆಣಗಳು ಬೇರೆ ಬೇರೆ ಊರುಗಳಲ್ಲಿ ಸಿಕ್ಕವು; ಗುರುತಿಲ್ಲದ ಹೆಣಗಳೆಂದು ಬೇರೆ ಬೇರೆ ಠಾಣೆಗಳ ಕಡತಗಳಲ್ಲಿ ಮಲಗಿದವು. ಮದುವೆಯಾಗದ ಮಗಳೊಬ್ಬಳು ಮನೆಯಿಂದ ಹೋದಳೆಂದರೆ ಓಡಿಹೋದಳೆಂದು ನೆರೆಹೊರೆಯವರು ಹೇಳುವರೆಂಬ ನಾಚಿಕೆಯು ತಂದೆತಾಯಿಗಳ ಬಾಯಿ ಕಟ್ಟುವದು ಎಲ್ಲ ಊರುಗಳಲ್ಲಿಯೂ ಕಂಡದ್ದೇ. ವರದಕ್ಷಿಣೆಯ ಭಯ, ಮರ್ಯಾದೆಯ ಭಯ ಇವೆರಡೂ ಅವನು ಕೂಲಿ ಕೊಡದೆ ಇಟ್ಟುಕೊಂಡ ಆಳುಗಳಾಗಿದ್ದವು.

ಬೆಂಗಳೂರಿನ ಸುತ್ತಮುತ್ತ ಕೆಂಪಮ್ಮನೆಂಬವಳು ಮಾಡಿದ್ದೂ ಇದೇ ಜಾತಿಯ ಕೃತ್ಯ. ೧೯೯೯ರಲ್ಲಿ ಒಂದು ಕೊಲೆ. ೨೦೦೭ರಲ್ಲಿ ಕೆಲವೇ ತಿಂಗಳುಗಳಲ್ಲಿ ಹಲವು. ದೇವಸ್ಥಾನಗಳಲ್ಲಿ ಕಣ್ಣೀರು ಹಾಕುತ್ತ ಕುಳಿತ ಹೆಂಗಸರನ್ನು ಅವಳು ಮಾತಾಡಿಸುತ್ತಿದ್ದಳು. ಮಕ್ಕಳಿಲ್ಲದ ಸಂಕಟ, ಗಂಡನ ಕಾಟ, ದೇಹದ ಬೇನೆ ಏನೇ ಇರಲಿ, ಪೂಜೆಯಿಂದ ಪರಿಹಾರವಾಗುವದೆಂದು ಹೇಳಿ, ಒಡವೆ ಧರಿಸಿಕೊಂಡು ಬರಲು ತಿಳಿಸಿ, ತೀರ್ಥವೆಂದು ವಿಷವನ್ನು ಕುಡಿಸುತ್ತಿದ್ದಳು. ದುಃಖಿತರ ದುಃಖವನ್ನು ಗುರುತಿಸುವ ಕಣ್ಣು ಅವಳಿಗಿತ್ತು. ಅದೇ ಕಣ್ಣು ಒಬ್ಬ ದಾದಿಗೆ ಇದ್ದರೆ ಕರುಣೆಯಾಗುತ್ತಿತ್ತು. ಪರರ ಮನಸ್ಸನ್ನು ಅರಿಯುವ ಶಕ್ತಿ ಬೇರೆ, ಪರರ ನೋವಿಗೆ ಮರುಗುವ ಗುಣ ಬೇರೆ ಎಂಬದು ಇದರಿಂದ ಸ್ಪಷ್ಟವಾಗುತ್ತದೆ. ಹಂತಕರಲ್ಲಿ ಮೊದಲನೆಯದು ಬಹುಮಟ್ಟಿಗೆ ತೀಕ್ಷ್ಣವಾಗಿಯೇ ಇರುತ್ತದೆ, ಎರಡನೆಯದು ಒಣಗಿರುತ್ತದೆ.

ಪಾಶ್ಚಾತ್ಯ ಪಂಡಿತರು ಈ ವಿಷಯವನ್ನು ಶಾಸ್ತ್ರವಾಗಿ ಮಾಡಿದ್ದಾರೆ. ೧೯೩೦ರಲ್ಲಿ ಜರ್ಮನಿಯ ಪೊಲೀಸ್ ಅಧಿಕಾರಿಯಾದ ಅರ್ನ್ಸ್ಟ್ ಗೆನ್ನಾಟನು ಡ್ಯುಸೆಲ್‌ಡಾರ್ಫ್ ಪಟ್ಟಣದ ಕೊಲೆಗಳ ಕುರಿತು ಬರೆಯುವಾಗ ಸರಣಿ ಹಂತಕನೆಂಬ ಅರ್ಥದ ಪದವನ್ನು ಬಳಸಿದನು. ೧೯೪೧ರಲ್ಲಿ ಅಮೇರಿಕದ ವೈದ್ಯ ಹರ್ವಿ ಕ್ಲೆಕ್ಲಿಯು, ಹೊರಗಿನಿಂದ ನೋಡಿದರೆ ಸೌಜನ್ಯವೂ ಬುದ್ಧಿಯೂ ಉಳ್ಳವರಾಗಿ ಒಳಗೆ ಪಶ್ಚಾತ್ತಾಪವೆಂಬದೇ ಇಲ್ಲದ ಮನುಷ್ಯರ ವರ್ಣನೆಯನ್ನು ಗ್ರಂಥರೂಪವಾಗಿ ಪ್ರಕಟಿಸಿ, ಅವರ ಸ್ವಸ್ಥತೆಯನ್ನು ಮುಖವಾಡವೆಂದು ಕರೆದನು. ಮುಂದೆ ಅಮೇರಿಕದ ಗುಪ್ತ ಪೊಲೀಸ್ ಇಲಾಖೆಯವರು ಸೆರೆಮನೆಗಳಿಗೆ ಹೋಗಿ ಕಾಮಪ್ರೇರಿತರಾದ ೩೬ ಮಂದಿ ಕೊಲೆಗಾರರೊಡನೆ ಮಾತಾಡಿ ಅವರ ಬಾಲ್ಯವನ್ನು ವಿಚಾರಿಸಿದರು. ಬಹುಮಂದಿಯ ಬಾಲ್ಯದಲ್ಲಿ ಹೊಡೆತ, ತಿರಸ್ಕಾರ, ಒಡೆದ ಸಂಸಾರ ಕಂಡುಬಂದವು. ಆದರೆ ಅದೇ ಇಲಾಖೆಯವರು ೨೦೦೫ರಲ್ಲಿ ಅನೇಕ ತಜ್ಞರನ್ನು ಕೂಡಿಸಿ ಚರ್ಚಿಸಿ ಕಂಡುಕೊಂಡದ್ದೇನೆಂದರೆ, ಇಂಥವರೆಲ್ಲರಿಗೂ ಸಲ್ಲುವ ಒಂದೇ ಲಕ್ಷಣವಿಲ್ಲ, ಒಂದೇ ಕಾರಣವಿಲ್ಲ. ಸಿಟ್ಟು, ಹಣ, ಕಾಮ, ಅಧಿಕಾರದ ಸುಖ, ಮತಾಂಧತೆ, ಚಿತ್ತಭ್ರಮೆ ಇವುಗಳಲ್ಲಿ ಒಂದೋ ಹಲವೋ ಕೂಡಿ ಕೆಲಸ ಮಾಡುತ್ತವೆ. ಇವರು ಏಕಾಂಗಿಗಳಾಗಿಯೇ ಇರುವರೆಂಬದೂ ತಪ್ಪು.

ಚಿತ್ತಭ್ರಮೆಯ ನಿದರ್ಶನವು ದೂರದಲ್ಲಿಲ್ಲ. ೧೯೬೮ರಲ್ಲಿ ಮುಂಬಯಿಯಲ್ಲಿ ಸೆರೆಸಿಕ್ಕ ರಾಮನ್ ರಾಘವನು ಬೀದಿಯ ಬದಿಗೆ ಮಲಗಿದ ಬಡವರನ್ನು ರಾತ್ರಿಯಲ್ಲಿ ಹೊಡೆದು ಕೊಲ್ಲುತ್ತಿದ್ದನು. ಅವನ ಮನಸ್ಸು ತೀವ್ರವಾದ ಉನ್ಮಾದರೋಗಕ್ಕೆ ಒಳಗಾಗಿತ್ತೆಂದು ವೈದ್ಯರು ಹೇಳಿದರು, ೧೯೮೭ರಲ್ಲಿ ಅವನ ಮರಣದಂಡನೆಯು ಇಳಿಯಿತು, ೧೯೯೫ರಲ್ಲಿ ಸತ್ತನು. ಇದಕ್ಕೆ ನೇರ ವಿರುದ್ಧವಾದ ಉದಾಹರಣೆಯು ಇಂಗ್ಲಂಡದ ವೈದ್ಯ ಹೆರಾಲ್ಡ್ ಶಿಪ್‌ಮನ್ನನದು. ಊರಿನವರ ಗೌರವಕ್ಕೆ ಪಾತ್ರನಾಗಿದ್ದ ಅವನು ತನ್ನ ರೋಗಿಗಳಲ್ಲಿ ೨೧೫ ಮಂದಿಯನ್ನು ಕೊಂದನೆಂದು ೨೦೦೨ರಲ್ಲಿ ಸರಕಾರದ ವಿಚಾರಣಾ ಮಂಡಳಿಯು ನಿರ್ಣಯಿಸಿತು. ಉನ್ಮಾದವೂ ಇಲ್ಲ, ಬಡತನವೂ ಇಲ್ಲ. ಕಾರಣವನ್ನು ಹೇಳದೆಯೇ ಅವನು ೨೦೦೪ರಲ್ಲಿ ಸೆರೆಮನೆಯಲ್ಲಿ ಪ್ರಾಣ ಕಳೆದುಕೊಂಡನು.

ಇಲ್ಲಿ ನ್ಯಾಯಶಾಸ್ತ್ರದ ಬಾಲಪಾಠವೊಂದು ನೆರವಿಗೆ ಬರುತ್ತದೆ. ಕೊಂಬುಳ್ಳದ್ದು ಆಕಳು ಎಂದು ಲಕ್ಷಣ ಹೇಳಿದರೆ ಎಮ್ಮೆಯೂ ಆಕಳಾಗುವದು, ಇದು ಅತಿವ್ಯಾಪ್ತಿ. ಕಪಿಲವರ್ಣದ್ದು ಆಕಳು ಎಂದರೆ ಬಿಳಿಯ ಆಕಳು ಹೊರಗುಳಿಯುವದು, ಇದು ಅವ್ಯಾಪ್ತಿ. ಬಾಲ್ಯದಲ್ಲಿ ಪೆಟ್ಟು ತಿಂದವನು ಹಂತಕನಾಗುವನೆಂದರೆ ಅತಿವ್ಯಾಪ್ತಿದೋಷ. ಪೆಟ್ಟು ತಿಂದು ಬೆಳೆದ ಸಹಸ್ರಾರು ಮಂದಿ ಯಾವ ಇರುವೆಗೂ ಕೇಡು ಬಗೆಯದೆ ಬಾಳುತ್ತಾರೆ. ಹಂತಕರೆಲ್ಲರೂ ಹುಚ್ಚರೆಂದರೆ ಅವ್ಯಾಪ್ತಿ. ಶಿಪ್‌ಮನ್ನನೂ ಮೋಹನನೂ ಹೊರಗುಳಿಯುತ್ತಾರೆ. ಅದೂ ಅಲ್ಲದೆ ಮನೋರೋಗಿಗಳಲ್ಲಿ ಬಹುತೇಕರು ಯಾರನ್ನೂ ನೋಯಿಸದೆ ತಾವೇ ನೋಯುವವರು. ಮಡಕೆಗೆ ಮಣ್ಣು, ತಿಗರಿ, ಕುಂಬಾರ ಮೂರೂ ಬೇಕಾಗುವಂತೆ ಇಲ್ಲಿಯೂ ಸ್ವಭಾವ, ಸಂದರ್ಭ, ಸಂಕಲ್ಪ ಮೂರೂ ಕೂಡಬೇಕು. ಮಣ್ಣು ತಿಗರಿಗಳಿಗಾಗಿ ಮರುಗಬಹುದು, ಕುಂಬಾರನನ್ನು ಮರೆಯಲಾಗದು. ಆ ಅಕ್ಕತಂಗಿಯರಿಗೆ ತಾಯಿಯಿಂದಲೇ ಕಳವಿನ ಪಾಠವಾಯಿತೆಂಬದು ಮರುಗಬೇಕಾದ ಸಂಗತಿ. ಆದರೆ ಅಳುವ ಕೂಸಿನ ಮುಂದೆ ನಿಂತಾಗ ಬಿಟ್ಟು ಓಡಿಹೋಗುವ ದಾರಿಯೂ ಅವರಿಗೆ ತೆರೆದೇ ಇತ್ತು.

ಕಾರಣವನ್ನು ತಪ್ಪಾಗಿ ತಿಳಿದರೆ ಆಗುವ ಅನರ್ಥಕ್ಕೆ ಈ ನಾಡೇ ಸಾಕ್ಷಿಯಾಗಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಾರಿಗರೊಡನೆ ಸ್ನೇಹ ಬೆಳೆಸಿ, ಕೂಡಿ ಪ್ರಯಾಣಮಾಡಿ, ರುಮಾಲಿನಿಂದ ಕುತ್ತಿಗೆ ಬಿಗಿದು ಕೊಲ್ಲುವ ಠಕ್ಕರ ಗುಂಪುಗಳಿದ್ದವು. ದಕ್ಷಿಣದಲ್ಲಿ ಅವರಿಗೆ ಫಾಸೀಗಾರರೆಂದು ಹೆಸರು. ಮುಂದೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನು ಅವರ ತಪ್ಪೊಪ್ಪಿಗೆಗಳ ಆಧಾರದಿಂದ ೧೮೩೯ರಲ್ಲಿ ಕಾದಂಬರಿಯೊಂದನ್ನು ಪ್ರಕಟಿಸಿದನು. ಲೂಟಿಯ ಪಾಲೇ ಅವರ ಪ್ರೇರಣೆ. ದೇವಿಯ ಅಪ್ಪಣೆ, ಶಕುನ ಎಂಬವು ಮನಸ್ಸಾಕ್ಷಿಗೆ ಹಾಕಿದ ಬೀಗಗಳು. ಆದರೆ ಕೊಲೆಯು ರಕ್ತದಲ್ಲಿಯೇ ಹುಟ್ಟಿಬರುವ ಕುಲವೃತ್ತಿಯೆಂದು ಭಾವಿಸಿದ ಆಂಗ್ಲ ಸರಕಾರವು ೧೮೭೧ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದು, ಅಲೆಮಾರಿ ಜನಾಂಗಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿಮಾಡಿತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಅವರನ್ನು ಬೇಲಿಯೊಳಗೆ ಕೂಡಿಹಾಕಿದ ವಸತಿಗಳಿಗೆ ಸೆಟ್ಲಮೆಂಟ್ ಎಂಬ ಹೆಸರು ಬಂದಿತು. ಏನೂ ಮಾಡದ ಕೂಸು ಕೂಡ ಅಲ್ಲಿ ಕಳ್ಳನಾಗಿಯೇ ಹುಟ್ಟುತ್ತಿತ್ತು. ಕಾಯಿದೆಯು ೧೯೫೨ರಲ್ಲಿ ರದ್ದಾಯಿತು. ಕಾಗದದಿಂದ ಹೋದದ್ದು ಮನಸ್ಸಿನಿಂದ ಹೋಗಲಿಲ್ಲ.

ಹೋಗಲಿಲ್ಲವೆಂಬದಕ್ಕೆ ೨೦೧೮ನೆಯ ಇಸವಿಯೇ ಪ್ರಮಾಣ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ಮೊಬೈಲುಗಳಲ್ಲಿ ಊರಿಂದೂರಿಗೆ ಹಾರಿತು. ಜುಲೈ ೧ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಭಿಕ್ಷಾಟನೆಗಾಗಿ ಬಂದ ಅಲೆಮಾರಿ ಗೋಸಾವಿ ಜನಾಂಗದ ಐವರನ್ನು ಜನರು ಹೊಡೆದು ಕೊಂದರು. ಅದೇ ಜುಲೈ ೧೩ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೋಲೇಟು ಕೊಟ್ಟ ತಪ್ಪಿಗಾಗಿ ಹೈದರಾಬಾದಿನ ತರುಣನೊಬ್ಬನನ್ನು ಗುಂಪು ಕೊಂದಿತು. ಒಬ್ಬನು ಹಲವರನ್ನು ಕೊಲ್ಲುವದನ್ನು ಕಂಡು ನಡುಗಿದ ಜನರು, ಹಲವರು ಕೂಡಿ ಒಬ್ಬನನ್ನು ಕೊಲ್ಲುವದಕ್ಕೆ ಹಿಂಜರಿಯಲಿಲ್ಲ. ಆ ಗುಂಪಿನಲ್ಲಿದ್ದವರ ಮನಸ್ಸನ್ನು ಪರೀಕ್ಷಿಸಲು ಯಾವ ಪಂಡಿತನು ಹೋದನು? ಅವರೂ ಓಣಿಯವರಂತೆಯೇ ಇದ್ದರು.

ಕರೋಶಿಯ ಆ ಮನೆಯ ಮುದುಕಿಯು ಮೊಮ್ಮಗನ ಪ್ರಶ್ನೆಗೆ ಅಂದು ಬೆಳಿಗ್ಗೆ ಉತ್ತರ ಕೊಡದಿದ್ದಕ್ಕೆ ಇದೇ ಕಾರಣವಾಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಅವಳು ಹುಡುಗನನ್ನು ಹತ್ತಿರ ಕೂಡ್ರಿಸಿಕೊಂಡು, ದೇವರ ಮಾಡದ ಮೂಲೆಯಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಮುಂದಿಟ್ಟಳು. ಅದರಲ್ಲಿ ತುಕ್ಕು ಹಿಡಿದ ಸೂಜಿಗಳೂ ತಲೆಗೂದಲಿನ ಪಿನ್ನುಗಳೂ ಇದ್ದವು.

೨೦೧೮ರ ಆ ಮಳೆಗಾಲದಲ್ಲಿ ಸೂಜಿ ಪಿನ್ನು ಮಾರುವ ಹೆಂಗಸೊಬ್ಬಳು ಆ ಓಣಿಗೆ ಬಂದಿದ್ದಳು. ವರ್ಷಕ್ಕೆ ಎರಡು ಸಲ ಬರುವವಳೇ. ಕಟ್ಟೆಯ ಮೇಲೆ ಆಡುತ್ತಿದ್ದ ಆರು ವರ್ಷದ ಈ ಹುಡುಗನ ಹತ್ತಿರ ನಿಂತು ಏನನ್ನೋ ಕೇಳಿ ಅವನ ತಲೆಯ ಮೇಲೆ ಕೈಯಿಟ್ಟಳು. ಒಳಗಿನಿಂದ ಅದನ್ನು ಕಂಡ ಮುದುಕಿಯ ಕಣ್ಣ ಮುಂದೆ ಕೊಲ್ಲಾಪುರವು ನಿಂತಿತು. "ಕೂಸ ಒಯ್ಯಾಕತ್ಯಾಳ!" ಎಂದು ಅವಳು ಕೂಗಿದಳು. ಕ್ಷಣಾರ್ಧದಲ್ಲಿ ಓಣಿಯು ತುಂಬಿತು. ಒಬ್ಬನು ಹೆಂಗಸಿನ ಜಡೆ ಹಿಡಿದನು. ಇನ್ನೊಬ್ಬನು ಗಂಟನ್ನು ಕಿತ್ತೆಸೆದನು. ಎಲ್ಲಿಂದಲೋ ಒಂದು ಬಡಿಗೆಯೂ ಬಂದಿತು. ಆಗ ಹೊಲದಿಂದ ಮರಳುತ್ತಿದ್ದ ನೆರೆಮನೆಯ ಹಿರಿಯನೊಬ್ಬನು ಆ ಹೆಂಗಸಿನ ಗುರುತು ಹಿಡಿದು, ಅಡ್ಡ ನಿಂತು, ಹೆಗಲಿಗೆ ಒಂದು ಪೆಟ್ಟನ್ನು ತಾನೇ ತಿಂದು ಬಿಡಿಸಿದನು. ಅವಳು ಅಳಲಿಲ್ಲ, ಬಯ್ಯಲಿಲ್ಲ. ಚೆಲ್ಲಿದ ಸರಕನ್ನು ಆಯ್ದುಕೊಳ್ಳದೆ ಹೊರಟುಹೋದಳು. ಮತ್ತೆ ಆ ಊರಿಗೆ ಬರಲಿಲ್ಲ. ಸಂಜೆ ಮುದುಕಿಯು ಕೆಸರಿನಿಂದ ಆಯ್ದು ಕಟ್ಟಿಟ್ಟ ಪೊಟ್ಟಣವದು.

"ಅವರು ಯಾಕ ಕೊಂದ್ರೋ ನನಗ ಗೊತ್ತಿಲ್ಲಪ್ಪಾ" ಎಂದಳು ಮುದುಕಿ. "ಶಾಣ್ಯಾರು ಏನೇನೋ ಹೇಳ್ತಾರ. ನಾ ಯಾಕ ಕೂಗಿದೆ ಅನ್ನೂದು ಮಾತ್ರ ನನಗ ಗೊತ್ತೈತಿ. ಆಕಿ ಮಾರಿ ನಾ ನೋಡಲೇ ಇಲ್ಲ. ವರ್ಷಕ್ಕ ಎರಡ ಸಲ ನೋಡಿದ ಮಾರಿ."

ಮುದುಕಿಯ ಈ ಮಾತಿನಲ್ಲಿ ಶಾಸ್ತ್ರದವರು ಹೇಳುವದಕ್ಕಿಂತ ಕಡಿಮೆಯಾದದ್ದೇನೂ ಇಲ್ಲ. ಅಂಜನಾಬಾಯಿಯು ಭಿಕ್ಷುಕಿಯ ಕೂಸಿನಲ್ಲಿ ಕವಚವನ್ನು ಕಂಡಳು. ಮೋಹನನು ವರನಿಲ್ಲದ ಹೆಣ್ಣಿನಲ್ಲಿ ಒಡವೆಗಳನ್ನು ಕಂಡನು. ಗುಂಪು ಅಲೆಮಾರಿಯಲ್ಲಿ ತನ್ನ ಭಯವನ್ನು ಕಂಡಿತು. ಪ್ರೇರಣೆಗಳು ಬೇರೆ ಬೇರೆ. ಲೋಭವನ್ನೂ ಭಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ಅನ್ಯಾಯವೇ ಸರಿ; ವರ್ಷಗಟ್ಟಲೆ ಹೊಂಚುಹಾಕಿ ಕೊಂದವರಿಗೂ ಒಂದು ಗಳಿಗೆಯ ಅಂಜಿಕೆಯಿಂದ ಕೂಗಿದವಳಿಗೂ ಇರುವ ಅಂತರವು ಅಜಗಜಾಂತರ. ಆದರೆ ಎದುರಿಗಿದ್ದ ಮುಖವು ಕಾಣಿಸದೆ ಹೋದದ್ದು ಎಲ್ಲೆಡೆಯಲ್ಲಿಯೂ ಮೊದಲು ನಡೆದ ಸಂಗತಿ.

ಹುಡುಗನು ಬಹಳ ಹೊತ್ತು ಸುಮ್ಮನೆ ಕುಳಿತು ಪಿನ್ನುಗಳನ್ನು ಎಣಿಸಿದನು. ಆಮೇಲೆ, "ಆಕಿ ನನಗ ನೀರ ಕೇಳಿದ್ಳು, ಆಯಿ" ಎಂದನು. ಮುದುಕಿಗೆ ಅದು ಗೊತ್ತಿರಲಿಲ್ಲ. ನಾಲ್ಕು ವರ್ಷ ಯಾರೂ ಆ ಕೂಸನ್ನು ಕೇಳಿರಲಿಲ್ಲ.

ಮರುದಿನದಿಂದ ಆ ಮನೆಯ ಕಟ್ಟೆಯ ಮೇಲೆ ಮುಚ್ಚಳವಿಟ್ಟ ಕೊಡವೊಂದು, ಅದರ ಮೇಲೊಂದು ತಂಬಿಗೆ ಕಾಣಿಸತೊಡಗಿದವು. ಕೊಲ್ಲಾಪುರಕ್ಕೆ ಹೊರಟ ಸೊಸೆಗೆ ಅತ್ತೆಯು ಈಗಲೂ ಕೂಸಿನ ಕೈ ಬಿಡಬ್ಯಾಡವೆಂದು ಹೇಳುವದನ್ನು ತಪ್ಪಿಸುವದಿಲ್ಲ. ಹೇಳಲೇಬೇಕಾದ ಮಾತು ಅದು. ಹೇಳಿ, ಕೊಡದಲ್ಲಿ ನೀರಿದೆಯೋ ಇಲ್ಲವೋ ಎಂದು ನೋಡಿ ಒಳಗೆ ಹೋಗುತ್ತಾಳೆ.